ಗೋಡೆಯ ಮೇಲೆ ಒಣಹಾಕಿದ ಸೀರೆಗಳು

ನಮ್ಮೂರಿನಲ್ಲಿ ಬಣ್ಣ ಮಾರುವ ಅಂಗಡಿಯಿಲ್ಲ. ಸೀರೆ, ಹಣ್ಣು, ಬಳೆ, ಬಸ್ಸು ಎಲ್ಲ ಬೇರೆ ಊರುಗಳಲ್ಲಿರುವಂತೆ ಬಣ್ಣಬಣ್ಣವಾಗಿಯೇ ಇವೆ. ಆದರೆ ಯಾರಾದರೂ ಹೊರಗಿನಿಂದ ಬಣ್ಣದ ಡಬ್ಬಿ ತಂದರೆ, ಸೇತುವೆ ದಾಟಿ ಊರೊಳಗೆ ಬರುವಷ್ಟರಲ್ಲಿ ಅದರಲ್ಲಿ ಸುಣ್ಣದ ತಿಳಿಯಂಥದ್ದಷ್ಟೇ ಉಳಿದಿರುತ್ತದೆ. ಇಲ್ಲಿ ಬಣ್ಣ ಬೇಕಾದವರು ಅದನ್ನು ಯಾವುದಾದರೂ ವಸ್ತುವಿನಿಂದ ತೆಗೆದುಕೊಳ್ಳಬೇಕು. ತೆಳು ಅರಿವೆಯನ್ನು ನೀರಲ್ಲಿ ಅದ್ದಿ ಆ ವಸ್ತುವಿನ ಮೇಲೆ ಹೊದಿಸಬೇಕು. ವಸ್ತು ಯಾರದೋ ಅವರು "ತಗೋ" ಅನ್ನಬೇಕು. ಅಂದರೆ ಸಾಕು, ಬಣ್ಣ ಅರಿವೆಗೆ ಏರುತ್ತದೆ, ಬಟ್ಟಲಿಗೆ ಹಿಂಡಿಕೊಂಡರಾಯಿತು. ಅನ್ನದಿದ್ದರೆ ದಿನವಿಡೀ ಕೂತರೂ ಅರಿವೆಗೆ ಏನೂ ಹತ್ತುವುದಿಲ್ಲ. ಬಣ್ಣ ಕೊಟ್ಟ ಗಿಡ ಮುಂದಿನ ಚಿಗುರಿಗೆ ಮತ್ತೆ ಹಸಿರಾಗುತ್ತದೆ. ಬಣ್ಣ ಕೊಟ್ಟ ಬಟ್ಟೆ ಮಾತ್ರ ಮುಂದೆಂದೂ ಬಿಳಿಯೇ.

ಬೋರ್ಡು ಬರೆಯುವ ಪೇಂಟರುಗಳು ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಬಾಳೆಹಣ್ಣಿನವನು ಹಳದಿ ಕೊಡುತ್ತಾನೆ, ಮೆಣಸಿನಕಾಯಿಯವನು ಕೆಂಪು ಕೊಡುತ್ತಾನೆ. ಅಂಗಡಿಯ ಹೆಸರನ್ನು ಚಂದ ಮಾಡಿ ಬರೆದುಕೊಟ್ಟಾರು ಎಂಬ ಆಸೆ. ಬಿಳಿಯಾದ ಬಾಳೆಹಣ್ಣನ್ನು ಆಮೇಲೆ ಸೋವಿಗೆ ಮಾರುತ್ತಾನೆ, ರುಚಿಯಲ್ಲೇನೂ ಫರಕಿರುವುದಿಲ್ಲ. ಹೆಂಗಸರು ಹಾಗೆ ಬೀದಿಯಲ್ಲಿ ನಿಂತು ಬಣ್ಣ ಕೇಳುವುದಿಲ್ಲ. ಚಿತ್ರದ ಹುಚ್ಚಿದ್ದವರು ಅಡಿಗೆಮನೆಯಲ್ಲಿ ಸಿಕ್ಕಷ್ಟರಲ್ಲೇ ಆ ಹುಚ್ಚು ತೀರಿಸಿಕೊಳ್ಳುತ್ತಾರೆ.

ನನ್ನ ಅಣ್ಣನ ಹೆಂಡತಿ ಕಸ್ತೂರಿವೈನಿಗೆ ಆ ಹುಚ್ಚಿತ್ತು. ಆಕೆ ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯ ಸಾರು ಬಿಳಿಯಾಯಿತು, ಬದನೆಕಾಯಿ ಪಲ್ಯ ಬಿಳಿಯಾಯಿತು, ಒಮ್ಮೊಮ್ಮೆ ಉಪ್ಪಿನಕಾಯಿಯೂ. ಅಡಿಗೆಮನೆ ಆಕೆಯ ವಶದಲ್ಲಿದ್ದದ್ದರಿಂದ ಅಲ್ಲಿಯ ವಸ್ತುಗಳಿಗೆ ಆಕೆಯೇ "ತಗೋ" ಅಂದರೆ ನಡೆಯುತ್ತಿತ್ತು. ನಮ್ಮವ್ವ ತಾಟಿನ ಮುಂದೆ ಕೂತು ಗೊಣಗುತ್ತಿದ್ದಳು. "ಅನ್ನ ಯಾವ್ದು, ಪಲ್ಯ ಯಾವ್ದು, ಕೈಯಿಟ್ಟು ನೋಡಿ ಉಣ್ಣೋ ಹಣೆಬರಾ ಬಂತು ನನಗ." ಅಣ್ಣ ವಿರೂಪಾಕ್ಷನಿಗೆ ಸೈಕಲ್ ಅಂಗಡಿ. ಜಗಳ ಅಂದರೆ ಆಗದ ಮನುಷ್ಯ. "ರುಚಿ ಛಲೋ ಐತಲ್ಲಬೇ" ಎಂದು ಎದ್ದು ಹೋಗುತ್ತಿದ್ದ.

ನಾನು ಗಂಡನ ಮನೆ ಒಗ್ಗದೆ ತಿರುಗಿ ಬಂದವಳು. ಪಡಸಾಲೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಓಣಿಯ ಹೆಂಗಸರ ಬ್ಲೌಸು ಹೊಲಿಯುತ್ತಿದ್ದೆ. ಕೂತಲ್ಲಿಂದಲೇ ವೈನಿಯ ದಿನ ಪೂರಾ ಕಾಣುತ್ತಿತ್ತು. ಮಧ್ಯಾಹ್ನದ ಊಟವಾಗಿ ಅವ್ವ ಅಡ್ಡಾದ ಮೇಲೆ ಆಕೆ ಹಿತ್ತಲ ಬಾಗಿಲ ಹತ್ತಿರ ಕೂತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದಳು. ಅವ್ವನ ಗೊರಕೆಯೇ ಆಕೆಯ ಗಡಿಯಾರ. ಗೊರಕೆ ನಿಂತರೆ ಬಟ್ಟಲು ಮುಚ್ಚಿ ಚಹಾಕ್ಕಿಡಬೇಕು. ಅಷ್ಟರೊಳಗೆ ಮಗಳು ತನುಜಾ ಸಾಲೆಯಿಂದ ಬಂದು ಪಾಟಿಚೀಲ ಬಿಸಾಡಿ "ಅವ್ವಾ, ಹಸಿವು" ಅನ್ನುತ್ತಿದ್ದಳು. ಅರ್ಧ ಬರೆದ ಕೋಳಿಗಳು, ಬಾಲವಿಲ್ಲದ ನಾಯಿಗಳು ನಮ್ಮ ಮನೆಯಲ್ಲಿ ರಾಶಿ ಬಿದ್ದಿದ್ದವು.

ಪೂರ್ತಿಯಾದ ಒಂದು ಚಿತ್ರವನ್ನು ನಾನೇ ಪಡಸಾಲೆಯ ಬಾಗಿಲಿಗೆ ಅಂಟಿಸಿದ್ದೆ. ಕೆರೆಯಲ್ಲಿ ಮುಳುಗಿ ಕೂತ ಎಮ್ಮೆ. ನೀರ ಮೇಲೆ ಕೋಡು ಮತ್ತು ಕಣ್ಣು ಮಾತ್ರ. ಬ್ಲೌಸಿನ ಅಳತೆ ಕೊಡಲು ಬಂದ ಡಾಕ್ಟರ್ ನಸೀಮಾ ಅದನ್ನು ನೋಡಿದರು. ನಾನು ತೋಳಿನ ಅಳತೆ ತೆಗೆಯುತ್ತಿದ್ದರೆ ಅವರು ಕುತ್ತಿಗೆ ತಿರುಗಿಸಿ ಅದನ್ನೇ ನೋಡುತ್ತಿದ್ದರು.

"ಶಕುಂತಲಾ, ಈ ಎಮ್ಮಿ ನನ್ನ ಮ್ಯಾಲೆ ಸಿಟ್ಟಿಗೆದ್ದೈತಿ ನೋಡ್ರಿ. ಯಾರು ತಗದಾರ ಈ ಚಿತ್ರಾ?"

ವೈನಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ನಮ್ಮ ಹೆರಿಗಿ ವಾರ್ಡಿನ್ಯಾಗ ಒಂದು ಉದ್ದನ ಗ್ವಾಡಿ ಐತಿ. ಬ್ಯಾನಿ ತಿನ್ನೋ ಹೆಣ್ಮಕ್ಕಳಿಗೆ ಅದೊಂದ ಕಾಣೋದು. ಬೋಳು ಗ್ವಾಡಿ ನೋಡಿ ನೋಡಿ ಅವರಿಗೆ ಇನ್ನಷ್ಟು ಹೆದರಿಕಿ ಆಗತೈತಿ. ನೀವು ಬಂದು ಏನರೆ ತಗೀತೀರೇನು?"

"ಹೂಂ ರೀ" ಅಂದಳು ವೈನಿ. ಯಾರನ್ನೂ ಕೇಳಲಿಲ್ಲ, ಅಡಿಗೆಮನೆಯ ಕಡೆ ತಿರುಗಿ ನೋಡಲೂ ಇಲ್ಲ. ಡಾಕ್ಟರು ಹೋದ ಮೇಲೆ ತಾನೇ ಗಾಬರಿಯಾಗಿ ನನ್ನ ಮಷೀನಿನ ಪಕ್ಕ ಬಂದು ಕೂತಳು. "ಶಕ್ಕು, ಹೂಂ ಅಂದೇನು ನಾನು?"

ಮರುದಿನ ಆಕೆ ವಾರ್ಡಿಗೆ ಹೋಗಿ ಹಾಸಿಗೆಯಿಂದ ಹಾಸಿಗೆಗೆ ಕೇಳಿದಳಂತೆ, ಆ ಗೋಡೆಯ ಮೇಲೆ ನಿಮಗೆ ಏನು ಕಾಣಬೇಕು ಎಂದು. ಒಬ್ಬಳು, ಏನೂ ಬ್ಯಾಡ, ನನಗೊಂದಿಷ್ಟು ನೀರು ಕೊಡ್ರಿ ಅಂದಳು. ಹೊಟ್ಟೆ ಖಾಲಿಯಿದ್ದ ಇನ್ನೊಬ್ಬಳು ಜಿಲೇಬಿ ಅಂಗಡಿ ಅಂದಳು. ಮೂಲೆಯ ಹಾಸಿಗೆಯಲ್ಲಿದ್ದ, ಮನೆಯಲ್ಲಿ ಆಗಲೇ ಮಕ್ಕಳ ಸಾಲು ಬಿಟ್ಟು ಬಂದಿದ್ದ ಹೆಂಗಸು ಹೇಳಿದಳು. "ಹೊಳೀ ದಂಡಿ ತಗೀಯವ್ವ. ಅರಿಬಿ ಎಲ್ಲಾ ಒಗದು, ಬಿಸಿಲಿಗೆ ಹಾಕಿ, ಅವು ಒಣಗೂತನಾ ನೀರಿನ್ಯಾಗ ಕಾಲು ಬಿಟಗೊಂಡು ಕುಂದರತೀವಲ್ಲ, ಅದು. ಅಷ್ಟ ಹೊತ್ತು ಯಾರೂ ನಮ್ಮನ್ನ ಕರಿಯಂಗಿಲ್ಲ."

ವೈನಿ ಅದನ್ನೇ ಹಿಡಿದುಕೊಂಡಳು. ಇದ್ದಿಲಿನಿಂದ ಗೋಡೆಯ ಈ ತುದಿಯಿಂದ ಆ ತುದಿಗೆ ಹೊಳೆ ಎಳೆದಳು, ಬಂಡೆಗಲ್ಲು ಎಳೆದಳು, ಹಗ್ಗ ಎಳೆದಳು. ಹಗ್ಗದ ಮೇಲೆ, ಬಂಡೆಯ ಮೇಲೆ, ಮರಳಿನ ಮೇಲೆ ಸೀರೆಗಳು. ಕೆಲವು ಗಾಳಿಗೆ ಹೊಟ್ಟೆ ಉಬ್ಬಿಸಿದ್ದವು, ಕೆಲವು ನೀರು ತೊಟ್ಟಿಕ್ಕಿಸುತ್ತ ಜೋತುಬಿದ್ದಿದ್ದವು. ನೀರಿಗೆ, ಮರಳಿಗೆ, ಹುಲ್ಲಿಗೆ ಬೇಕಾದ ಬಣ್ಣ ಹಿತ್ತಲಿನಿಂದಲೂ ಕಾಯಿಪಲ್ಯದಿಂದಲೂ ಹೇಗೋ ಒದಗಿತು. ಸೀರೆಗಳಿಗೆ ಮಾತ್ರ ಅಡಿಗೆಮನೆ ಸಾಲಲಿಲ್ಲ.

ಆಗ ಆಕೆ ತನ್ನ ಸೀರೆಗಳಿಗೇ ಕೈ ಹಾಕಿದಳು. ಮೊದಲು ಗಿಳಿಹಸಿರಿನದು, ಆಮೇಲೆ ಕುಸುಬಿ ಹೂವಿನ ಬಣ್ಣದ್ದು, ಆಮೇಲೆ ತವರಿನವರು ಕೊಟ್ಟ ನೇರಳೆಯದು. ಒಂದೊಂದನ್ನೂ ತೊಡೆಯ ಮೇಲೆ ಹರವಿಕೊಂಡು ಮೆಲ್ಲಗೆ "ತಗೋ" ಅಂದುಕೊಳ್ಳುತ್ತಿದ್ದಳು. ಕೆಲವು ವಾರಗಳಲ್ಲಿ ಆಕೆಗೆ ಉಡಲು ಬಿಳಿ ಸೀರೆಗಳಷ್ಟೇ ಉಳಿದವು.

ಗಂಡ ಗಟ್ಟಿಮುಟ್ಟಾಗಿರುವ ಹೆಂಗಸು ಬಿಳಿ ಸೀರೆ ಉಟ್ಟು ಹಣೆಗೆ ಕುಂಕುಮವಿಟ್ಟು ಬೀದಿಯಲ್ಲಿ ಹೋದರೆ ಊರು ಸುಮ್ಮನಿರುತ್ತದೆಯೇ? ಅಣ್ಣನ ಅಂಗಡಿಗೆ ಗೆಳೆಯರು ಬಂದು, "ಅಲ್ಲೋ ವಿರೂಪಣ್ಣ, ನೀ ಇದ್ದೀಯೋ ಹೋದಿಯೋ ಅಂತ ನೋಡಾಕ ಬಂದ್ವಿ" ಅಂದರು. ಅಣ್ಣ ನಕ್ಕನಂತೆ. ಆದರೆ ಮನೆಗೆ ಬಂದವನು ಸರಿಯಾಗಿ ಊಟ ಮಾಡಲಿಲ್ಲ.

ಅವ್ವ ನಗಲಿಲ್ಲ. ಅಪ್ಪ ತೀರಿಹೋದಾಗಿನಿಂದ ಆಕೆ ಉಟ್ಟದ್ದು ಬಿಳಿಯೇ. ವೈನಿ ಹಿತ್ತಲಲ್ಲಿ ಸೀರೆ ಒಣಹಾಕುತ್ತಿದ್ದಾಗ ಹಿಂದೆ ಹೋಗಿ ನಿಂತಳು. "ಈ ಮನ್ಯಾಗ ನಾ ಉಟ್ಟಿದ್ದು ಸಾಲದೇನು ಬಿಳೀ? ನನ್ನ ಮಗ ಇನ್ನೂ ಬದುಕ್ಯಾನಬೇ."

ವೈನಿ ಕೈಯಲ್ಲಿದ್ದ ಒದ್ದೆ ಸೀರೆಯನ್ನು ಬಿಡಿಸದೆ ಹಾಗೇ ಹಿಡಿದು ನಿಂತಳು.

ಅದೇ ವಾರ ತನುಜಾಗೆ ಜ್ವರ ಬಂತು. ಮೊದಲ ದಿನ ವೈನಿ ವಾರ್ಡಿನಲ್ಲಿದ್ದಳು. ಹುಡುಗಿ ನನ್ನ ತೊಡೆಯ ಮೇಲೆ ಮಲಗಿ ಅವ್ವ ಬೇಕೆಂದು ಒಂದೇ ಸಮ ಅಳುತ್ತಿದ್ದಳು. ವೈನಿ ಹೊಸ್ತಿಲಲ್ಲಿ ಕಾಲಿಡುತ್ತಲೇ ಅವ್ವ ಕೇಳಿದಳು. "ಆ ಗ್ವಾಡಿ ಅಳತೈತೇನಬೇ ನೀ ಹೋಗದಿದ್ರ? ಇಲ್ಲಿ ಕೂಸು ಅಳಾಕತ್ತೈತಿ."

ವೈನಿ ಮತ್ತೆ ಆಸ್ಪತ್ರೆಗೆ ಹೋಗಲಿಲ್ಲ. ಜ್ವರ ಇಳಿಯಿತು, ಮೈಮೇಲೆ ಗುಳ್ಳೆ ಎದ್ದವು, ಗುಳ್ಳೆ ಒಣಗಿದವು. ತನುಜಾ ಮತ್ತೆ ಓಣಿಯಲ್ಲಿ ಕುಂಟಾಬಿಲ್ಲೆ ಆಡಲು ಶುರು ಮಾಡಿದಳು. ಆಗಲೂ ವೈನಿ ಹೋಗಲಿಲ್ಲ. ಮನೆಯ ಕೆಲಸವನ್ನೆಲ್ಲ ಮೊದಲಿಗಿಂತ ಅಚ್ಚುಕಟ್ಟಾಗಿ ಮಾಡಿದಳು. ತಾಟಿನಲ್ಲಿ ಕೆಂಪು ಸಾರು, ಹಸಿರು ಪಲ್ಯ ಬಂದವು. ಅವ್ವನೂ ಏನೂ ಅನ್ನದೆ ಉಂಡಳು. ಮನೆಯಲ್ಲಿ ಯಾರೋ ಪರವೂರಿನವರು ಬಂದು ಇಳಿದುಕೊಂಡಂತೆ ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೆವು.

"ಅವ್ವನ ಮ್ಯಾಲೆ ಸಿಟ್ಟೇನು ವೈನಿ?" ಎಂದು ಒಮ್ಮೆ ಕೇಳಿದೆ.

"ಇಲ್ಲ ಶಕ್ಕು. ಕೂಸಿಗೆ ಆರಾಮಿಲ್ಲದಾಗ ನನಗ ಇಲ್ಲೇ ಇರಬೇಕನಸ್ತೈತಿ. ಅದನ್ನ ಯಾರೂ ಹೇಳೂದು ಬ್ಯಾಡ. ಆದರ ಇಲ್ಲಿ ಕುಂತಾಗ ಕೈ ಅಲ್ಲಿ ಇರತಾವು. ಅಲ್ಲಿಗೆ ಹ್ವಾದರ ಕಿವಿ ಇಲ್ಲಿ ಇರತಾವು. ಎಲ್ಲಿ ಹ್ವಾದರೂ ನಾ ಅರ್ಧನ. ಇನ್ನ ಸೀರಿನೂ ಮುಗದಾವು ಬಿಡು."

ಒಂದು ಸೀರೆ ಉಳಿದಿತ್ತು, ಮದುವೆಯದು. ಒಂದು ಮಧ್ಯಾಹ್ನ ನಾನು ಒಳಗೆ ಹೋದಾಗ ಆಕೆ ಅದನ್ನು ಹಾಸಿ, ಮೇಲೆ ಒದ್ದೆ ಅರಿವೆ ಹೊದಿಸಿಕೊಂಡು ಕೂತಿದ್ದಳು. ಅರಿವೆ ಬಿಳಿಯೇ ಇತ್ತು. ನನ್ನನ್ನು ನೋಡಿ ನಗಲು ಹೋದಳು, ಕಣ್ಣು ತುಂಬಿತು. "ತಗೋ ಅನ್ನಾಕ ಬಾಯಿ ಬರವಲ್ದು ಶಕ್ಕು."

ನಾನು ಸೀರೆ ಮಡಿಸಿ ಟ್ರಂಕಿನಲ್ಲಿಟ್ಟೆ. ತಿರುಗಿ ಮಷೀನಿಗೆ ಬಂದು ಕೂತರೆ ಕೆಲಸಕ್ಕೆ ಮನಸ್ಸಾಗಲಿಲ್ಲ. ಕಾಲಿಗೆ ಚೂರುಬಟ್ಟೆಯ ಗಂಟು ತಾಗಿತು. ಬ್ಲೌಸು ಕತ್ತರಿಸಿದ ಮೇಲೆ ಉಳಿದ ತುಂಡುಗಳನ್ನು ನಾನು ಅದರಲ್ಲಿ ತುರುಕುತ್ತಿದ್ದೆ. ಯಾರೂ ವಾಪಸು ಕೇಳುತ್ತಿರಲಿಲ್ಲ. ಗಂಟು ಬಿಚ್ಚಿದರೆ ಏನೆಲ್ಲ ಬಣ್ಣ! ಓಡಿಹೋಗಿ ವೈನಿಯನ್ನು ಕರೆದೆ. ಆಕೆ ಒಂದು ಕೆಂಪು ತುಂಡಿನ ಮೇಲೆ ಒದ್ದೆ ಅರಿವೆ ಒತ್ತಿದಳು. ನಾನು ಉತ್ಸಾಹದಿಂದ "ತಗೋ" ಅಂದೆ. ಏನೂ ಏರಲಿಲ್ಲ. ಇನ್ನೊಂದು ತುಂಡಿಗೂ ಅಂದೆ, ಮತ್ತೊಂದಕ್ಕೂ.

"ಇವು ನಿನ್ನವಲ್ಲಲ್ಲ ಶಕ್ಕು" ಅಂದಳು ವೈನಿ. "ಬಟ್ಟಿ ತಂದವರದು."

"ಹಂಗಾರ ಅವರನ್ನ ಕೇಳೂಣು."

"ಬ್ಯಾಡ. ಬಣ್ಣ ಬೇಡಾಕತ್ತೀವಿ ಅಂದಾರು."

"ನೀ ಬೇಡಬ್ಯಾಡ. ನನ್ನ ಗಿರಾಕಿ, ನಾ ಕೇಳ್ತೀನಿ."

ಮೊದಲು ಬಂದವರು ಗೌರಮ್ಮ ಟೀಚರ್. ಬ್ಲೌಸು ಹಾಕಿ ನೋಡಿ, ಕುತ್ತಿಗೆ ಸರಿ ಬಂದಿದೆ ಎಂದು ಖುಷಿಯಾದ ಹೊತ್ತು ನೋಡಿ ಕೇಳಿದೆ. ಉಳಿದ ತುಂಡಿನ ಬಣ್ಣ ನಮಗೆ ಕೊಡುತ್ತೀರಾ ಎಂದು. ಅವರು ಕಾರಣ ಕೇಳಿದರು, ಹೇಳಿದೆ. ಸೀರೆ ಕೇಳಿದ್ದರೆ ಏನನ್ನುತ್ತಿದ್ದರೋ. ಅಂಗೈಯಗಲದ ತುಂಡಿಗೆ ಯಾರು ಇಲ್ಲ ಅಂದಾರು? "ಅಯ್ಯ, ಅಷ್ಟಕ್ಯಾಕ ಇಷ್ಟು ಸಂಕೋಚ ಮಾಡ್ಕೋತೀ? ತಗೋ" ಅಂದರು. ಅಂದ ಕ್ಷಣವೇ ಒಳಗೆ ವೈನಿಯ ಅರಿವೆಗೆ ಹಸಿ ಅರಿಸಿನದ ಬಣ್ಣ ಏರಿತು. ಬಟ್ಟಲ ತಳ ಮುಚ್ಚುವಷ್ಟು. ಗೋಡೆಯ ಮೇಲೆ ಒಂದು ನೆರಿಗೆಗೆ ಸಾಕು.

ಆಮೇಲೆ ಬಂದವರನ್ನೆಲ್ಲ ಕೇಳುತ್ತ ಹೋದೆ. ಸುದ್ದಿ ಹಬ್ಬಿತು. ಕೆಲವರು ಕೇಳುವ ಮೊದಲೇ "ತಗೋ" ಅನ್ನುತ್ತಿದ್ದರು. ಹಳೆಯ ತುಂಡುಗಳ ಒಡತಿಯರನ್ನು ಬೀದಿಯಲ್ಲಿ ಕಂಡಾಗ ನೆನಪು ಮಾಡಿ ಒಪ್ಪಿಸಿದೆ. "ನಂದು ಯಾವ ಸೀರಿ ಆಗತೈತಿ?" ಎಂದು ಎಲ್ಲರಿಗೂ ಕುತೂಹಲ. ವಾರ್ಡಿನಲ್ಲಿ ನೆಂಟರು ಯಾರಾದರೂ ಇದ್ದರೆ ನೋಡಲು ಹೋದ ನೆವದಲ್ಲಿ ಗೋಡೆಯನ್ನೂ ನೋಡಿ ಬರುತ್ತಿದ್ದರು.

ವೈನಿ ಮತ್ತೆ ಹೊರಟಳು. ಈ ಸಲ ಮನೆಯೂ ಸ್ವಲ್ಪ ಜರುಗಿ ಕೂತಿತು. ಅಣ್ಣ ತನುಜಾಳನ್ನು ಸೈಕಲ್ಲಿನ ಮೇಲೆ ಸಾಲೆಗೆ ಬಿಟ್ಟು ಅಂಗಡಿ ತೆರೆಯುತ್ತಿದ್ದ. ಅವನು ಹಾಕಿದ ಜಡೆ ಸಾಲೆ ಮುಟ್ಟುವ ಮೊದಲೇ ಬಿಚ್ಚಿಹೋಗುತ್ತಿತ್ತು. ವೈನಿ ರೊಟ್ಟಿ ಬಡಿದಿಟ್ಟು ಹೋದರೆ ಉಳಿದ ಅಡಿಗೆ ನನ್ನದು. ನಳದಲ್ಲಿ ನೀರು ಬರುವ ದಿನ, ನೆಂಟರು ಬಂದ ದಿನ ಆಕೆ ಹೋಗುತ್ತಿರಲಿಲ್ಲ. "ಇರಲಿ, ನಿನ್ನೀದು ಒಣಗಲಿ" ಅನ್ನುತ್ತಿದ್ದಳು. ಅವ್ವ ಮಾತ್ರ ಇದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

ಹೀಗಿರುವಾಗ ವಾಡೆಯ ದೊಡ್ಡಮನೆಯ ರತ್ನಾಬಾಯಿ ರೇಷ್ಮೆ ಬ್ಲೌಸು ಒಯ್ಯಲು ಬಂದಳು. ನಾನು ಎಂದಿನಂತೆ ಕೇಳಿದೆ. ಆಕೆ ಮೂಗು ಮುರಿದಳು. "ಏನವ್ವ ಇದು, ಊರ ತುಂಬ ಬಣ್ಣ ಬೇಡಾಕ ಹಚ್ಚೀರಿ? ನಿಮ್ಮ ಮನೀ ಸೊಸಿ ಮುತ್ತೈದಿ ಆಗಿ ಬಿಳೀ ಸೀರಿ ಉಟಗೊಂಡು ದವಾಖಾನಿಗೆ ತಿರಗತಾಳ. ಬಸುರಿ ಹೆಣ್ಮಕ್ಕಳ ಕಣ್ಣಿಗೆ ಅದು ಬೀಳೂದು ಛಲೋನ?"

ಜಗಲಿಯ ಮೇಲೆ ಮೊರ ಕೆಳಗಿಟ್ಟ ಸದ್ದಾಯಿತು. ಅವ್ವ ಒಳಗೆ ಬಂದಳು.

"ಬಿಳೀ ಉಟ್ಟಾಳ, ಖರೆ" ಅಂದಳು. "ಆ ಬಣ್ಣ ಎಲ್ಲಿ ಹೋಗೇತಿ ಅಂತ ದವಾಖಾನಿಗೆ ಹೋಗಿ ನೋಡು. ಹಡಿಯಾಕ ಬಂದ ಹೆಣ್ಮಕ್ಕಳಿಗೆ ಅದು ಧೈರ್ಯ ಹೇಳತೈತಿ. ನಿನ್ನ ಟ್ರಂಕಿನ್ಯಾಗ ಬಿದ್ದ ಸೀರಿ ಯಾರಿಗೆ ಏನು ಹೇಳ್ಯಾವು ಇಲ್ಲೀತನಾ? ಬ್ಲೌಸು ತಗೊಂಡು ನಡಿ ರತ್ನಾ. ನಮ್ಮ ಮನೀ ಸೊಸಿ ಸುದ್ದಿ ನಮ್ಮ ಮನ್ಯಾಗಿರಲಿ."

ರತ್ನಾಬಾಯಿ ಮುಖ ಕೆಂಪಗೆ ಮಾಡಿಕೊಂಡು ಹೋದಳು. ಅವ್ವ ಮತ್ತೆ ಜಗಲಿಗೆ ಹೋಗಿ ಮೊರ ಎತ್ತಿಕೊಂಡಳು. ಆದರೆ ಅಕ್ಕಿಯಲ್ಲಿ ಕೈಯಾಡುತ್ತಿರಲಿಲ್ಲ. ಆ ಗೋಡೆಯನ್ನು ಆಕೆ ಇನ್ನೂ ಕಣ್ಣಿಂದ ಕಂಡಿರಲಿಲ್ಲ. ಕಾಣದೆಯೇ ಅದರ ಪರವಾಗಿ ಅಷ್ಟು ದೊಡ್ಡ ಮಾತಾಡಿದ್ದಳು. ಅದು ಆಕೆಯನ್ನು ಕೊರೆಯುತ್ತಿತ್ತು ಎಂದು ಕಾಣುತ್ತದೆ. ಮರುದಿನ ನಾನು ವೈನಿಗೆ ಬುತ್ತಿ ಕಟ್ಟುತ್ತಿದ್ದಾಗ, "ಕೊಡಿಲ್ಲೆ, ನಾ ಒಯ್ತೀನಿ. ಕಾಲಿಗೆ ಓಡಾಟಾದಂಗ ಆಗತೈತಿ" ಅಂದಳು. ನಾನೂ ಚಪ್ಪಲಿ ಮೆಟ್ಟಿದೆ.

ನಾವು ಹೋದಾಗ ವೈನಿ ಸ್ಟೂಲಿನ ಮೇಲೆ ನಿಂತು ಗೋಡೆಯ ಮೇಲ್ಭಾಗದಲ್ಲಿ ಹಗ್ಗಕ್ಕೆ ನೆರಳು ಹಾಕುತ್ತಿದ್ದಳು. ನಮ್ಮನ್ನು ನೋಡಲಿಲ್ಲ. ಅವ್ವ ವಾರ್ಡಿನ ನಡುವೆ ನಿಂತು ಗೋಡೆಯ ಒಂದು ತುದಿಯಿಂದ ನೋಡಲು ಶುರು ಮಾಡಿದಳು. ಮೆಲ್ಲಗೆ ನಡೆಯುತ್ತ ಒಂದೊಂದೇ ಸೀರೆ ದಾಟಿದಳು. ಗಿಳಿಹಸಿರಿನದರ ಮುಂದೆ ನಿಂತಳು, ನೇರಳೆಯದರ ಮುಂದೆ ನಿಂತಳು. ಅವು ಯಾವುವೆಂದು ಆಕೆಗೆ ತಿಳಿಯಿತು. ಬಂಡೆಯ ಮೇಲಿಂದ ಜೋತುಬಿದ್ದ ಒಂದು ನೀಲಿ ಸೀರೆಯ ಹತ್ತಿರ ಬಂದಾಗ, ಯೋಚಿಸದೆಯೇ ಎರಡೂ ಕೈ ಚಾಚಿ ಅದರ ಸೆರಗು ಹಿಂಡಲು ಹೋದಳು. ಬೆರಳು ಗೋಡೆಗೆ ತಾಗಿತು. ಹಾಸಿಗೆಯ ಮೇಲಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಅವ್ವ ನಾಚಿ ಕೈ ಹಿಂದಕ್ಕೆ ತೆಗೆದಳು.

"ಹಸೀ ಅನಸ್ತಾವ" ಅಂದಳು ಆ ಹುಡುಗಿಗೆ.

"ನನಗೂ ಮೊದಲ ದಿನಾ ಹಂಗ ಅನಸಿತ್ರೀ ಅಮ್ಮಾರ" ಅಂದಳು ಹುಡುಗಿ.

ಅಷ್ಟರಲ್ಲಿ ವೈನಿ ತಿರುಗಿ ನೋಡಿ, ಗಾಬರಿಯಾಗಿ ಸ್ಟೂಲಿನಿಂದ ಇಳಿದಳು. ಅವ್ವ ಆಕೆಯನ್ನು ಹೊಗಳಲಿಲ್ಲ. ಬುತ್ತಿ ಕೈಗಿಟ್ಟು, "ಉಣ್ಣು ಮೊದಲ, ಮಾರಿ ಬಾಡೇತಿ" ಅಂದಳು. ಆಮೇಲೆ ಗೋಡೆಯ ಆ ತುದಿಯಲ್ಲಿ ಇದ್ದಿಲಿನ ಗೆರೆಯಷ್ಟೇ ಇದ್ದ ಸೀರೆಗಳತ್ತ ಕೈ ತೋರಿಸಿ, "ಇನ್ನಾ ಇಷ್ಟಕ್ಕ ಬಣ್ಣ ಬೇಕಲ್ಲ?" ಎಂದು ಕೇಳಿದಳು.

ಅಂದಿನಿಂದ ತುಂಡುಬಟ್ಟೆ ಕೇಳುವ ಕೆಲಸ ನನ್ನ ಕೈಯಿಂದ ಹೋಯಿತು. ಅವ್ವ ನನ್ನ ಮಷೀನಿನ ಎದುರೇ ಮಣೆ ಹಾಕಿಕೊಂಡು ಕೂತಳು. ನಾನು ಸಂಕೋಚಪಟ್ಟು ಹೊತ್ತು ನೋಡಿ ಕೇಳುತ್ತಿದ್ದೆ. ಆಕೆ ಗಿರಾಕಿ ಚಪ್ಪಲಿ ಬಿಡುವ ಮೊದಲೇ, "ತಗೋ ಅಂದು ಒಳಗ ಬಾ" ಅನ್ನುತ್ತಿದ್ದಳು. ಹೆದರಿಯೋ, ನಗು ಬಂದೋ, ಎಲ್ಲರೂ ಅಂದರು. ವೈನಿಗೆ ಬಟ್ಟಲುಗಳು ಸಾಲದಾದವು. ಹಬ್ಬಕ್ಕೆ ಅಣ್ಣ ಆಕೆಗೊಂದು ದಾಳಿಂಬೆ ಬಣ್ಣದ ಸೀರೆ ತಂದ. ತಂದವನು, "ಇದನ್ನರೆ ಉಡು" ಎಂದು ಕೈಮುಗಿದ. ಅವ್ವ ಸೇರಿದಂತೆ ಎಲ್ಲರೂ ನಕ್ಕೆವು.

ಗೋಡೆ ಮುಗಿಯುತ್ತ ಬಂದಿದ್ದ ದಿನ ಬುತ್ತಿ ಒಯ್ದವಳು ನಾನು. ಕೊನೆಯ ಸೀರೆಗೆ ಬಣ್ಣ ಹಾಕುವುದಷ್ಟೇ ಉಳಿದಿತ್ತು. ಸೂರ್ಯಕಾಂತಿ ಹೂವಿನಂಥ ಹಳದಿ, ಗಾಳಿಗೆ ಹಗ್ಗ ಬಿಟ್ಟು ಹಾರುತ್ತಿದ್ದ ಸೀರೆ. ಅದರೆದುರಿನ ಹಾಸಿಗೆಗೆ ಆಗಷ್ಟೇ ಒಬ್ಬಳನ್ನು ತಂದು ಮಲಗಿಸಿದ್ದರು. ಚಿಕ್ಕ ವಯಸ್ಸು, ಚೊಚ್ಚಲು. ಜೊತೆಗೆ ಬಂದಿದ್ದ ಮುದುಕಿ ಹೊರಗೆ ಹೆಸರು ಬರೆಸಲು ಹೋಗಿದ್ದಳು, ನರ್ಸು ಡಾಕ್ಟರನ್ನು ಕರೆಯಲು ಹೋಗಿದ್ದಳು. ಬೇನೆ ಬಂದಾಗ ಹುಡುಗಿ ಮಂಚದ ಕಬ್ಬಿಣ ಹಿಡಿದು ಚೀರಿದಳು. ವೈನಿ ಕುಂಚ ಬಟ್ಟಲಿಗಿಟ್ಟು ಓಡಿ ಬಂದಳು.

"ಅಕ್ಕಾ, ನೀವು ನರ್ಸಬಾಯಿ ಏನ್ರೀ?" ಹುಡುಗಿ ಆಕೆಯ ಮುಂಗೈ ಹಿಡಿದುಕೊಂಡಳು.

"ಅಲ್ಲವ್ವ" ಅಂದಳು ವೈನಿ. "ನಾ ಚಿತ್ರಾ ತಗಿಯಾಕಿ."

ಆ ಮಾತನ್ನು ಆಕೆ ತನ್ನ ಬಗ್ಗೆ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಹುಡುಗಿ ಆಕೆಯ ಹಳದಿ ಬೆರಳುಗಳನ್ನು ನೋಡಿದಳು, ಗೋಡೆಯನ್ನು ನೋಡಿದಳು. ಬೇನೆ ಸ್ವಲ್ಪ ಇಳಿದಿತ್ತು.

"ಹಂಗಾರ ಇಲ್ಲಿ ನಿಂದರಬ್ಯಾಡ್ರಿ" ಅಂದಳು ಏದುಸಿರು ಬಿಡುತ್ತ. "ಆ ಸೀರಿ ಮುಗಸ್ರಿ. ನಾ ನೋಡತಿರ್ತೀನಿ."

ವೈನಿ ನನ್ನ ಕಡೆ ನೋಡಿದಳು. ನಾನು ಹೋಗಿ ಹುಡುಗಿಯ ಕೈ ಹಿಡಿದುಕೊಂಡೆ. ವೈನಿ ಸ್ಟೂಲು ಹತ್ತಿ ಕುಂಚ ಅದ್ದಿದಳು. ಸೀರೆಯ ಮೈಯ ಹಳದಿ ಮೆಲ್ಲಗೆ ಹರಡಿತು, ನೆರಿಗೆ ಒಂದೊಂದೇ ಬಿಚ್ಚಿಕೊಂಡಿತು. ಬೇನೆ ಬಂದಾಗ ಹುಡುಗಿ ನನ್ನ ಬೆರಳು ಮುರಿಯುವಂತೆ ಹಿಚುಕಿದಳು, ಆದರೆ ಕಣ್ಣು ಕುಂಚವನ್ನು ಬಿಡಲಿಲ್ಲ. "ಅಂಚು ಯಾವ ಬಣ್ಣಾರೀ ಅಕ್ಕಾ?" ಎಂದು ನಡುವೆ ಒಮ್ಮೆ ಕೂಗಿ ಕೇಳಿದಳು. "ಕೆಂಪು" ಅಂದಳು ವೈನಿ. "ಅಗಲ ಇರಲಿ" ಅಂದಳು ಹುಡುಗಿ.

ಡಾಕ್ಟರ್ ನಸೀಮಾ ಬಂದು ಹಸಿರು ಪರದೆ ಎಳೆದರು. ನನ್ನನ್ನು ಪರದೆಯ ಹೊರಗೆ ಕಳಿಸಿದರು. ಪರದೆಯ ಗೋಡೆಯ ಕಡೆಯ ಭಾಗವನ್ನು ಮಾತ್ರ ಹುಡುಗಿ ಹಟ ಹಿಡಿದು ತೆರೆದೇ ಇಡಿಸಿದಳು. ವೈನಿ ಆ ಕಡೆ ತಿರುಗಲಿಲ್ಲ. ಕೆಂಪಂಚನ್ನು ಅಗಲವಾಗಿ, ಒಂದೇ ಉಸಿರಿನಲ್ಲಿ ಎಂಬಂತೆ ಎಳೆಯುತ್ತ ಹೋದಳು. ಅಂಚು ಸೆರಗಿನ ತುದಿ ಮುಟ್ಟುವ ಹೊತ್ತಿಗೆ ಕೂಸು ಅತ್ತ ಸದ್ದು ಕೇಳಿತು. ಆಕೆ ಅಂಚನ್ನು ತುದಿಯವರೆಗೂ ಎಳೆದ ಮೇಲೆಯೇ ಕುಂಚ ಇಳಿಸಿದಳು.